ಪೋಲೆಂಡಿನ ಕಾಗದ

ಪ್ರೇಮವ್ವ ಮೂಗಿಗೆ ಸೆರಗು ಒತ್ತಿಕೊಂಡು, ಪಾಯಿಖಾನೆಯ ಗೋಡೆಯ ಮಾಡದಲ್ಲಿದ್ದ ಬಿಳಿ ಕಾಗದದ ಸುರುಳಿಯನ್ನು ಕಸಬರಿಗೆ ಕಡ್ಡಿಯಿಂದ ಹೊರಳಿಸಿ ನೋಡಿದಳು. ಮೊನ್ನೆ ತೆಂಗಿನಕಾಯಿಯಷ್ಟು ದಪ್ಪವಿತ್ತು. ಇವತ್ತು ಬದನೆಕಾಯಿಗೆ ಇಳಿದಿತ್ತು. ಕಡ್ಡಿಯನ್ನು ಅಲ್ಲೇ ಎಸೆದು ಹೊರಗೆ ಬಂದಳು.

ಸುರುಳಿ ಮಾರ್ತಾಳದು. ಪೋಲೆಂಡಿನ ಹುಡುಗಿ. ಸಂಬಳವಿಲ್ಲದೆ ಮೋಟೆಬೆನ್ನೂರಿನ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಬಂದವಳನ್ನು ಸೇವಾಸಂಸ್ಥೆಯೊಂದು ಬ್ಯಾಡಗಿಯ ಈ ಮನೆಯಲ್ಲಿ ಇರಿಸಿತ್ತು. ಮನೆ ದೊಡ್ಡದು. ಇದ್ದವರು ಮಾತ್ರ ಮೆಣಸಿನಕಾಯಿ ದಲ್ಲಾಳಿ ವಿರೂಪಾಕ್ಷಪ್ಪ ಮತ್ತು ಅವನ ಹೆಂಡತಿ ಪ್ರೇಮವ್ವ. ಮಗ ಮಧು ರಾಣೇಬೆನ್ನೂರಿನ ಬೀಜದ ಕಂಪನಿಯಲ್ಲಿದ್ದು ಅಲ್ಲೇ ಬಿಡಾರ ಹೂಡಿದ್ದ. ಮಾರ್ತಾ ಮೂರನೆಯವಳಾಗಿ ಬಂದಳು. ಬರುವಾಗ ಒಂದು ಚೀಲದ ತುಂಬ ಆ ಕಾಗದ ಹೊತ್ತು ತಂದಳು.

ಅದು ಯಾತಕ್ಕೆಂದು ತಿಳಿದ ದಿನ ಪ್ರೇಮವ್ವ ಉಣ್ಣಲಿಲ್ಲ.

ಅಂದಿನಿಂದ ಹುಡುಗಿಯ ತಟ್ಟೆ ಬೇರೆಯಾಯಿತು, ಲೋಟ ಬೇರೆಯಾಯಿತು. ಅವಳು ಆಸೆಪಟ್ಟು ಬಡಿದ ರೊಟ್ಟಿ ಬೀದಿಯ ಆಕಳಿಗೆ ಹೋಯಿತು. ಆಮೇಲೆ ಅಡುಗೆಮನೆಯ ಹೊಸ್ತಿಲು ದಾಟಲು ಬಂದರೆ ಪ್ರೇಮವ್ವ ಅಡ್ಡ ನಿಲ್ಲುತ್ತಿದ್ದಳು. ಮಾರ್ತಾ ಎಡಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಬಲಗೈಯಲ್ಲಿ ಒದ್ದಾಡುತ್ತಾ ಉಣ್ಣುತ್ತಿದ್ದಳು. ತನ್ನ ಕೈ ಎಂಥದೆಂದು ತನಗೇ ಗೊತ್ತಿರಬೇಕು, ಅದಕ್ಕೇ ಮುಚ್ಚಿಡುತ್ತಾಳೆ ಎಂದುಕೊಂಡಳು ಪ್ರೇಮವ್ವ. ಒಂದು ದಿನ ಹುಡುಗಿ ಹಳೆಯ ಚರಗಿಯೊಂದನ್ನು ಕೇಳಿ ಇಸಿದುಕೊಂಡಳು. ದಿನಾ ಬೆಳಗ್ಗೆ ಅದರಲ್ಲಿ ನೀರು ತುಂಬಿಕೊಂಡು ಹಿತ್ತಲಿಗೆ ಹೋಗುವಳು, ಲಂಗದ ಅಂಚೆಲ್ಲ ತೋಯಿಸಿಕೊಂಡು ಬರುವಳು. ಕರಿಬೇವಿನ ಗಿಡಕ್ಕೆ ನೀರು ಹಾಕಲೂ ಬಾರದವಳು ಎಂದು ಅದಕ್ಕೂ ಅಸಹ್ಯಪಟ್ಟಳು.

“ನೀರ ಮುಟ್ಟೂದಿಲ್ರಿ ಅಕಿ. ಬರೇ ಕಾಗದ,” ಎಂದಳು ಗಂಡನ ಮುಂದೆ. “ನನಗ ಅನ್ನ ಗಂಟಲಾಗ ಇಳೀವಲ್ದು.”

ವಿರೂಪಾಕ್ಷಪ್ಪ ಪತ್ರಿಕೆಯಿಂದ ತಲೆ ಎತ್ತಲಿಲ್ಲ. ನೀರಿನ ವಿಷಯದಲ್ಲಿ ಅವನು ಎಂಥ ಜಿಪುಣನೆಂದರೆ, ಮಗ ಬಂದು ಸ್ನಾನಕ್ಕೆ ಕುಳಿತರೆ ಬಾಗಿಲ ಹೊರಗೆ ನಿಂತು ಗೊಣಗುವ ಆಸಾಮಿ.

“ನಳ ಬರೂದು ವಾರಕ್ಕೊಮ್ಮೆ. ಈ ಸಲ ಟಾಕಿಯೊಳಗ ಎಷ್ಟ ನೀರ ಉಳದೈತಿ ನೋಡಿಯೇನು? ಹೊರಗಿನವರ ಕಡೆ ಕಲಿಯೂದು ಭಾಳ ಇರತೈತಿ.”

ಕಲಿಯಬೇಕಂತೆ, ಇಂಥದನ್ನು. ಪ್ರೇಮವ್ವ ಎದ್ದು ಹೋದಳು.

ಅಸಹ್ಯ ನುಂಗಿಕೊಂಡು ಇನ್ನೂ ಕೆಲವು ದಿನ ತಳ್ಳುತ್ತಿದ್ದಳೇನೋ. ಆದರೆ ಭಾನುವಾರ ಹಾವೇರಿಯಿಂದ ಹೆಣ್ಣಿನ ಕಡೆಯವರು ಮನೆ ನೋಡಲು ಬರುವವರಿದ್ದರು. ಮಧುವಿಗೆ ಈಗಾಗಲೇ ಎರಡು ಸಂಬಂಧ ಕೈತಪ್ಪಿದ್ದವು. ಇದೂ ತಪ್ಪಿದರೆ ಮಗ ಹಾಗೇ ಉಳಿದುಬಿಡುತ್ತಾನೆ ಎಂಬ ಭಯ ತಾಯಿಗೆ. ಹೆಣ್ಣಿನ ತಾಯಿ ಶ್ರೀದೇವಿಯಂತೂ ಹೋದ ಮನೆಯಲ್ಲಿ ಲೋಟದ ತಳ ತಿರುಗಿಸಿ ನೋಡುವ ಹೆಂಗಸು. ಅಂಥವಳು ಹಿತ್ತಲಿಗೆ ಹೋಗಿ ಆ ಸುರುಳಿ ಕಂಡರೆ ಮುಗಿಯಿತು.

ಪ್ರೇಮವ್ವ ಸಂಸ್ಥೆಗೆ ಫೋನು ಮಾಡಿ, ಹುಡುಗಿಯನ್ನು ಬೇರೆ ಕಡೆ ಕಳಿಸಿರೆಂದು ಖಡಾಖಂಡಿತವಾಗಿ ಹೇಳಿದಳು.

“ಹೋಗೂದಾದ್ರ ಹೋಗ್ಲಿ,” ಎಂದ ವಿರೂಪಾಕ್ಷಪ್ಪ. “ಸಾಮಾನೆಲ್ಲಾ ಒಯ್ಯಂತ ಗಂಟ ಬೀಳಬ್ಯಾಡ. ಪಾಪ, ಭಾರ ಆಗತೈತಿ.”

ಶನಿವಾರ ಬೆಳಗ್ಗೆ ಆಟೋ ಬಂತು. ಮಾರ್ತಾಳ ಕಣ್ಣು ಕೆಂಪಗಿತ್ತು. ಹುಣಸೆಹಣ್ಣು ಹಾಕಿ ತಿಕ್ಕಿ ಬೆಳಗಿದ ಚರಗಿಯನ್ನು ಎರಡೂ ಕೈಯಲ್ಲಿ ಹಿಡಿದು ಮುಂದೆ ಚಾಚಿ, ಶಾಲೆಯ ಮಕ್ಕಳಿಂದ ಕಲಿತ ಕನ್ನಡದಲ್ಲಿ ಹೇಳಿದಳು.

“ಅಜ್ಜಿ, ನಿಮ್ಮ ಚರಗಿ. ಮೊದಲ ಭಾಳ ತ್ರಾಸ ಆತು. ಈಗ ಇದು ಬಿಟ್ಟು ಇರಾಕ ಆಗೂದಿಲ್ಲ. ನಮ್ಮ ಊರಿಗೂ ಒಂದು ಒಯ್ಯತೇನಿ. ನಮ್ಮವ್ವಗ ಕಲಸ್ತೇನಿ.”

ಗಿಡಕ್ಕೆ ನೀರು ಹಾಕುವುದನ್ನೂ ಕಲಿಸಬೇಕೇ, ಎಂಥ ದೇಶವೋ ಎಂದುಕೊಂಡಳು ಪ್ರೇಮವ್ವ. ಚರಗಿಯನ್ನು ಎರಡು ಬೆರಳಿನಲ್ಲಿ ಹಿಡಿದು, ಆಟೋ ತಿರುವು ದಾಟಿದ ಕೂಡಲೇ ಮೋರಿಗೆ ಒಗೆದಳು. ಉಳಿದ ಸುರುಳಿಗಳನ್ನೆಲ್ಲ ಇಕ್ಕಳದಿಂದ ಎತ್ತಿ ಹಂಡೆಯ ಒಲೆಗೆ ಹಾಕಿದಳು. ಮನೆಯನ್ನೆಲ್ಲ ಎರಡು ಸಲ ತೊಳೆದಳು. ಗಂಡ ಗೊಣಗಿದರೂ ಕೇಳಲಿಲ್ಲ. ಆ ಮಧ್ಯಾಹ್ನ ಬಹಳ ದಿನಗಳ ಮೇಲೆ ಹೊಟ್ಟೆ ತುಂಬ ಉಂಡಳು.

ಭಾನುವಾರ ಬೀಗರಾಗುವವರು ಬಂದರು. ಶ್ರೀದೇವಿ ಜಗಲಿ ನೋಡಿದಳು, ಅಡುಗೆಮನೆ ನೋಡಿದಳು, ಹಿತ್ತಲಿಗೂ ಹೋಗಿ ಬಂದಳು. ಲೋಟದ ತಳ ತಿರುಗಿಸಿದಳು. ಅವಳ ಮುಖ ಅರಳಿತು.

ತಿಂಡಿಗೆ ಗಿರ್ಮಿಟ್. ಈ ಮನೆಯಲ್ಲಿ ನೆಂಟರು ಬಂದರೆ ಅದನ್ನು ಕಲಸುವವನು ವಿರೂಪಾಕ್ಷಪ್ಪನೇ. ಬೇರೆಯವರು ಮುಟ್ಟುವಂತಿಲ್ಲ. ದೊಡ್ಡ ಪರಾತದಲ್ಲಿ ಮಂಡಕ್ಕಿ ಸುರಿದು, ಮೇಲೆ ಗೊಜ್ಜು, ಉಳ್ಳಾಗಡ್ಡಿ, ಪುಠಾಣಿ ಹಿಟ್ಟು ಹಾಕಿ, ತೋಳು ಮಡಚಿ ಎರಡೂ ಕೈಯನ್ನು ಮಣಿಕಟ್ಟಿನವರೆಗೆ ಇಳಿಸಿ ಕಿವುಚಿ ಕಿವುಚಿ ಕಲಸಿದ. ಚಮಚ ಹಾಕಿದರೆ ರುಚಿ ಕೆಡುತ್ತದೆಂಬುದು ಅವನ ವಾದ.

“ಏನ್ ಕೈ ರುಚಿರಿ ನಿಮ್ದು,” ಎಂದು ಶ್ರೀದೇವಿ ಮತ್ತೊಮ್ಮೆ ಹಾಕಿಸಿಕೊಂಡಳು. “ಇಂಥಾ ಸ್ವಚ್ಛ ಮನಿ ನಾ ನೋಡೇ ಇಲ್ಲ. ನಮ್ಮ ಕಡೆಯಿಂದ ಒಪ್ಪಿಗೆ ಐತ್ರಿ.”

ಪ್ರೇಮವ್ವನ ಎದೆ ಹಗುರಾಯಿತು. ಸಂತೋಷಕ್ಕೆ ತಾನೂ ಬಾಯಿ ತುಂಬ ಗಿರ್ಮಿಟ್ ತುಂಬಿಕೊಂಡಳು.

ವಿರೂಪಾಕ್ಷಪ್ಪ ಪರಾತದ ತಳದಲ್ಲಿದ್ದದ್ದನ್ನು ಬೊಗಸೆಯಲ್ಲಿ ಗೋರಿ ಹೆಂಡತಿಯ ತಟ್ಟೆಗೆ ಹಾಕುತ್ತಾ, ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ: “ಆ ಹುಡುಗಿ ಕಾಗದ ಎಲ್ಲೆ ಇಟ್ಟೀ ಮಾರಾಯ್ತಿ? ನಳ ಬರೂದು ಇನ್ನಾ ಬುಧವಾರ. ಇವತ್ತ ಹಂಗ ಎದ್ದ ಬಂದೇನಿ.”