ಲಾಭ, ಒಂದು, ಎರಡು

"ಲೇ, ಎಂಟನೇತ್ತೆ ಪಾಸಾಗದಾಂವಾ! ವಾಯರ್ ಎಳಿಯೋ ಅಂದ್ರ ನನ್ನ ವ್ಯಾಪಾರಾನ ಎಳಕೊಂಡು ಹೋಗಿ ಎದುರಿನ ಅಂಗಡ್ಯಾಗ ಚೆಲ್ಲಿದೇನೋ ಕಳ್ಳಾ?"

ಇಂಡಿಯ ಲಿಂಬೆ ವ್ಯಾಪಾರಿ ಧರೆಪ್ಪ ಸಾವುಕಾರ ಹೀಗೆ ಕೂಗಿದ್ದು ಅಂಗಡಿಯ ನಟ್ಟನಡುವೆ. ಹಮಾಲರು ಚೀಲ ಇಳಿಸುವುದನ್ನು ಬಿಟ್ಟು ನಿಂತರು. ಮಂಜೂರನ ಕಿವಿ ಕಾದವು.

ಹೊರಗಿನ ಊರುಗಳಿಂದ ಧರೆಪ್ಪನ ಕಂಪ್ಯೂಟರಿಗೆ ಬಂದ ಆರ್ಡರುಗಳು ಹತ್ತು ದಿನದಿಂದ ಎದುರಿನ ಅಂಗಡಿಯವನಿಗೆ ಮೊದಲೇ ತಿಳಿಯುತ್ತಿದ್ದವು. ಅಂಗಡಿಯ ಕಂಪ್ಯೂಟರುಗಳಿಗೆಲ್ಲ ನೆಟ್ಟಿನ ವಾಯರು ಎಳೆದು, ಅವು ಬಂದು ಸೇರುವ ಹೊಸ ಸ್ವಿಚ್ಚಿನ ಪೆಟ್ಟಿಗೆ ಕೂರಿಸಿದವನು ಮಂಜೂರ. ಬೆರಳು ಅವನತ್ತ ತಿರುಗಲು ಅಷ್ಟು ಸಾಕಾಯಿತು.

"ಅಂವ ಅಲ್ರಿ ಸಾವ್ಕಾರ್ರ." ತೂಕದ ಮೇಜಿನ ಕಂಪ್ಯೂಟರ್ ಬಿಟ್ಟು ಗುಲನಾಜ ಎದ್ದಳು. "ನನಗ ಗೊತ್ತೈತ್ರಿ, ಅಂವ ಅಲ್ಲ."

ಗುಲನಾಜ ಮಂಜೂರನ ಅಕ್ಕ. ತಾಯಿ ಸತ್ತ ಮೇಲೆ ಅವನನ್ನು ಸಾಕಿದವಳು. ಈ ಕೆಲಸ ಕೊಡಿಸಿದವಳೂ ಅವಳೇ. ಹೊರಗೆ ಲಿಂಬೆಯ ಹರಾಜಿನ ಸವಾಲು ಕೂಗುವ ಹೊತ್ತಿಗೆ ಅಂಗಡಿಯೆಲ್ಲ ಖಾಲಿಯಾದರೂ ಕುರ್ಚಿ ಬಿಡದ ನಿಷ್ಠಾವಂತೆ.

"ಮನಿಗೆ ನಡಿ ಮಂಜೂರ. ಮಾತು ಬೆಳಸಬ್ಯಾಡ."

"ಕಳ್ಳ ಅನಿಸ್ಕೊಂಡು ಹೋಗ್ಲೇನು ಆಪಾ? ನಾಳೆ ಸಿಂದಗಿ, ಮುದ್ದೇಬಿಹಾಳದಾಗ ಯಾವ ಅಂಗಡ್ಯಾಂವ ನನ್ನ ಒಳಗ ಬಿಟ್ಕೋತಾನು?" ಅವನು ಬ್ಯಾಗಿನಿಂದ ಲ್ಯಾಪ್‌ಟಾಪ್ ಎಳೆದ. "ಸಾವ್ಕಾರ್ರ, ಇದು ಹಳೇ ಪೆಟಿಗಿ ಅಲ್ರಿ. ಯಾವ ತೂತಿಗೆ ಯಾವ ಮಷೀನು ಯಾವಾಗ ಬಂತು, ಎಲ್ಲಾ ಬರಕೋತೈತಿ. ಬ್ಯಾಡಾದ ತೂತು ಇಲ್ಲೇ ಕುಂತು ಬಂದ್ ಮಾಡಬಹುದು. ಗುರ್ತಿಲ್ಲದ ಮಷೀನು ಬರದಂಗ ಕೀಲಿ ಹಾಕೂಣು ಅಂದಿದ್ದೆ. ನೀವ ಬ್ಯಾಡ ಅಂದ್ರಿ."

"ಇಲ್ಲಿ ಎಲ್ಲಾ ನಮ್ಮವರ ಅದಾರ, ಕೀಲಿ ಯಾರಿಗೆ ಅಂದಿದ್ದೆ," ಎಂದ ಧರೆಪ್ಪ. "ಆವಾಗ ನಿನ್ನ ಲೆಕ್ಕಕ್ಕ ಹಿಡದಿರಲಿಲ್ಲ."

ಮಂಜೂರ ಹಲ್ಲು ಕಚ್ಚಿ ಪರದೆ ತಿರುಗಿಸಿದ. ದಿನಾ ಬೆಳಿಗ್ಗೆ ಹನ್ನೊಂದಕ್ಕೆ, ಸರಿಯಾಗಿ ಸವಾಲಿನ ಹೊತ್ತಿಗೆ, ಗುರುತಿಲ್ಲದ ಒಂದು ಯಂತ್ರ ಐದನೆಯ ತೂತಿಗೆ ಬಂದು ಹತ್ತು ನಿಮಿಷ ಇದ್ದು ಹೋಗಿತ್ತು.

ಮ್ಯಾನೇಜರ್ ಸುಭಾಸ ಪೆಟ್ಟಿಗೆಯ ಮೇಲೆ ಬ್ಯಾಟರಿಯ ಬೆಳಕು ಬಿಟ್ಟ. ತೂತುಗಳ ಮೇಲಿನ ಅಂಕಿಯ ಚೀಟಿಗಳು ಅವನದೇ ಕೈಬರಹ. "ಐದು. ಕೋಮಲನ ಮೇಜಿಂದು."

ಬಿಲ್ಲು ಬರೆಯುವ ಕೋಮಲಳ ಮುಖ ಬಿಳುಚಿತು. "ದೇವರಾಣಿ ನಾ ಅಲ್ರಿ! ಹನ್ನೊಂದಕ್ಕ ನಾ ಬುಟ್ಟಿ ಹೊರೂ ಲಕ್ಕವ್ವನ ಕೂಡ ಅಂಗಳದಾಗ ಬುಟ್ಟಿ ಎಣಿಸ್ತಿರ್ತೇನಿ."

"ನಾಳಿಂದ ಬರಬ್ಯಾಡ. ಪೊಲೀಸರಿಗೆ ಏನ್ ಹೇಳ್ತಿ ಹೇಳಕೋ," ಎಂದ ಧರೆಪ್ಪ.

"ಪೊಲೀಸರು ಯಾಕ್ರಿ?" ಗುಲನಾಜ ತಟ್ಟನೆ ಅಂದಳು. "ಹೋಗ್ಲಿ ಬಿಡ್ರಿ, ಇಲ್ಲಿಗೆ ಮುಗಸ್ರಿ."

ಮಂಜೂರ ಗೆದ್ದಿದ್ದ. ಆದರೆ ಕಿಟಕಿಯಾಚೆ ಲಕ್ಕವ್ವ ಬುಟ್ಟಿ ಎಣಿಸುವ ದನಿ ಒಳಗೆ ಬಂತು: "ಲಾಭ... ಎರಡ... ಮೂರ..."

ಲ್ಯಾಪ್‌ಟಾಪ್ ಮುಚ್ಚುತ್ತಿದ್ದ ಅವನ ಕೈ ನಿಂತಿತು. ಪೆಟ್ಟಿಗೆಯ ಬಳಿ ಹೋಗಿ ಬಗ್ಗಿದ. ಮೊದಲ ತೂತಿನ ಮೇಲೆ, ಅರಿಷಿಣದ ಬೊಟ್ಟಿನೊಂದಿಗೆ, ಪೂಜೆಯ ದಿನ ಧರೆಪ್ಪ ಅಂಟಿಸಿದ ಚೀಟಿ: ಲಾಭ. ಅದರ ಪಕ್ಕದ್ದು ಒಂದು. ಆಮೇಲೆ ಎರಡು. ಪೆಟ್ಟಿಗೆಯ ಅಚ್ಚಿನ ಅಂಕಿಗಳೆಲ್ಲ ಚೀಟಿಗಳ ಅಡಿಯಲ್ಲಿ ಮುಚ್ಚಿಹೋಗಿದ್ದವು.

"ಸುಭಾಸಣ್ಣಾ, ಒಂದು ಅನ್ನೂ ಚೀಟಿ ಲಾಭದ ಬಾಜೂಕ ಹಚ್ಚೀಯಲ್ಲ?"

"ಮತ್ತ? ಲಾಭ ಅಂದ್ರ ಪೂಜಿ ಚೀಟಿ."

"ಎಣಿಕ್ಯಾಗ ಲಾಭಾನ ಒಂದೋ ಮಾರಾಯಾ! ನಿನ್ನ ಚೀಟಿ ಎಲ್ಲಾ ಒಂದೊಂದು ತೂತು ಮುಂದ ಸರದಾವು. ಕೋಮಲಂದು ಖರೇ ಆರನೇದು." ಮಂಜೂರ ಲ್ಯಾಪ್‌ಟಾಪಿಗೆ ಹಾರಿದ. "ಖರೇ ಐದು ಬಂದ್ ಮಾಡೇನಿ. ಕೋಮಲಾ, ನಿನ್ನ ಕಂಪ್ಯೂಟರ್ ನೋಡು!"

ಎಲ್ಲರೂ ಕೋಮಲಳ ಮೇಜಿಗೆ ಮುಗಿಬಿದ್ದರು.

"ನಡ್ಯಾಕತ್ತೈತ್ರಿ!" ಅವಳು ಅಳುತ್ತಲೇ ನಕ್ಕಳು. "ನೆಟ್ ಐತ್ರಿ, ನೋಡ್ರಿ!"

ಮಂಜೂರ ಎದ್ದು ನಿಂತ. ಸಾವುಕಾರನ ಮುಖಕ್ಕೆ ಹೊಡೆದಂತೆ ಆಡಲು ಮಾತು ನಾಲಗೆಯ ತುದಿಯಲ್ಲಿತ್ತು. ತಲೆಗಳ ಮೇಲಿಂದ ಒಮ್ಮೆ ಅಂಗಡಿಯ ಸುತ್ತ ಕಣ್ಣಾಡಿಸಿದ. ಹಾಗೇ ಲ್ಯಾಪ್‌ಟಾಪಿನ ಮುಂದೆ ಮತ್ತೆ ಕೂತ.

ಮೂರು ಕೆಲಸ ಮಾಡಿದ. ಐದನೆಯ ತೂತನ್ನು ಮತ್ತೆ ತೆರೆದ. ಪೆಟ್ಟಿಗೆ ಬರೆದಿಟ್ಟದ್ದನ್ನೆಲ್ಲ ಅಳಿಸಿದ. ಚೀಟಿಗಳನ್ನು ಒಂದೇ ಎಳೆತಕ್ಕೆ ಕಿತ್ತು ಕಿಸೆಗೆ ತುರುಕಿದ.

"ಏನ್ ಮಾಡಾಕತ್ತೀಯೋ?" ಧರೆಪ್ಪ ತಿರುಗಿದ. "ಹಂಗಾರ ಐದು ಯಾರದು? ಬಾಯಿ ಬಿಡು. ಇಲ್ಲಂದ್ರ ನೀನ ಕಳ್ಳ ಅಂತ ಊರಿಗೆಲ್ಲಾ ಸಾರ್ತೇನಿ."

ಮಂಜೂರ ಬ್ಯಾಗಿನ ಜಿಪ್ ಎಳೆದ. ಹಮಾಲರ ನಡುವೆ ದಾರಿ ಮಾಡಿಕೊಂಡು ಬಿಸಿಲಿಗೆ ಇಳಿದು ಹೋದ.

ಎಲ್ಲರೂ ಕೋಮಲಳ ಮೇಜಿನ ಸುತ್ತ ನಿಂತಿದ್ದ ಆ ಅರ್ಧ ನಿಮಿಷ ನೆಟ್ಟು ಸತ್ತ ಪರದೆ ಇಡೀ ಅಂಗಡಿಯಲ್ಲಿ ಒಂದೇ ಇತ್ತು. ತೂಕದ ಮೇಜಿನ ಆ ಪರದೆಯನ್ನು ಬೆನ್ನಿನಿಂದ ಮುಚ್ಚಿ ನಿಂತಿದ್ದವಳು ಅವನ ಅಕ್ಕ.