ಎಂಟು ಮಿಲಿಮೀಟರ್

"ಇವತ್ತು ಕಿರಣ ಕೊಡೋದು ಬೇಡ. ಮುಖವಾಡ ಬಿಚ್ಚಿ" ಎಂದು ಆಸ್ಪತ್ರೆಯ ಗೋಡೆಯ ಸ್ಪೀಕರಿನಿಂದ ದನಿ ಬಂದಾಗ ಡ್ರೈವರಣ್ಣನಿಗೆ ಮೈಯೆಲ್ಲ ಉರಿದುಹೋಯಿತು. ಪಾಪ, ಬಲೆಯಂಥ ಪ್ಲಾಸ್ಟಿಕ್ ಮುಖವಾಡದೊಳಗೆ ಅರ್ಧ ಗಂಟೆಯಿಂದ ಮಿಸುಕಾಡದೆ ಮಲಗಿದ್ದ. ಅವನ ಮೂಗಿನ ಹಿಂದೆ, ಬಲಗಣ್ಣಿನ ನರದ ಮಗ್ಗುಲಲ್ಲೇ ಒಂದು ಗೆಡ್ಡೆ ಕೂತಿತ್ತು. ಅದನ್ನು ಸುಡುವ ಮೊದಲ ದಿನ ಇವತ್ತು. ಕಣ್ಣು ಹೋದರೆ ಸ್ಟೇರಿಂಗೂ ಹೋಯಿತು; ಇಪ್ಪತ್ತಾರು ವರ್ಷ ಬಸ್ಸು ಓಡಿಸಿದವನಿಗೆ ಬೇರೇನು ಗೊತ್ತು?

"ಏನ್ ಮೇಡಂ ಇದು? ಕೆಟ್ಟಿರೋದು ನಿಮ್ಮ ಯಂತ್ರಾನೋ, ನನ್ನ ಗ್ರಹಚಾರಾನೋ?" ಎನ್ನುತ್ತಲೇ ಪಕ್ಕದ ಕೋಣೆಗೆ ನುಗ್ಗಿದ. ಹೆಂಡತಿ ಹಿಂದೆಯೇ ಓಡಿಬಂದಳು.

ಕಿರಣದ ಲೆಕ್ಕ ಹಾಕುವ ಮೇಡಂ ಪರದೆಯಿಂದ ಕಣ್ಣು ಕೀಳಲಿಲ್ಲ. "ಯಂತ್ರ ಸರಿಯಾಗಿದೆ. ನಿಮ್ಮ ತಲೆ ಲೆಕ್ಕಕ್ಕೆ ಸಿಗ್ತಿಲ್ಲ."

"ಅದು ನಂಗೆ ಮದುವೆ ಆದಾಗಿಂದ ಗೊತ್ತು" ಎಂದಳು ಹೆಂಡತಿ.

ಮೇಡಂ ನಕ್ಕು ಪರದೆಯತ್ತ ಕೈ ತೋರಿಸಿದರು. ಅಲ್ಲಿ ಒಂದೇ ತಲೆಯ ಎರಡು ಚಿತ್ರ. "ಗೆಡ್ಡೆಗೆ ಬಿಡೋ ಕಿರಣ ಗೆಡ್ಡೆಯಲ್ಲೇ ನಿಲ್ಲಬೇಕು. ಅದಕ್ಕೇ ಮೊದಲು ಜೋರಾಗಿ ಓಡೋ ಅಯಾನು, ಅಂದ್ರೆ ವಿದ್ಯುತ್ ತುಂಬಿದ ಕಣಗಳ ಕಿರಣಾನ ಒಂಚೂರೇ ಚೂರು ಬಿಟ್ಟು, ತಲೆ ದಾಟಿಸಿ ಚಿತ್ರ ತೆಗೀತೀವಿ. ಆಚೆ ಬರುವಾಗ ಅದರಲ್ಲಿ ಎಷ್ಟು ಶಕ್ತಿ ಉಳಿದಿದೆ ಅಂತ ನೋಡಿದ್ರೆ, ದಾರೀಲಿ ಏನಿತ್ತು ಅಂತ ಗೊತ್ತಾಗುತ್ತೆ. ಈ ಕಡೇದು ಹಳೇ ಸ್ಕ್ಯಾನ್ ಪ್ರಕಾರ ಬರಬೇಕಾಗಿದ್ದ ಚಿತ್ರ. ಆ ಕಡೇದು ಇವತ್ತಿಂದು. ಬಲಗೆನ್ನೆ ಹಿಂದೆ ಇರಬೇಕಾಗಿದ್ದ ಏನೋ ಒಂದು ಇವತ್ತು ಇಲ್ಲ." ಅವನತ್ತ ತಿರುಗಿ ಕೇಳಿದರು: "ಸ್ಕ್ಯಾನ್ ಮಾಡಿದ ದಿನ ನೆಗಡಿ ಇತ್ತಾ?"

"ಇಲ್ಲಪ್ಪ" ಎಂದ ಡ್ರೈವರಣ್ಣ, ಕೇಳಿ ಮುಗಿಸುವ ಮುಂಚೆಯೇ.

"ಅಯ್ಯೋ, ಹಸಿ ಸುಳ್ಳು ಮೇಡಂ! ಮೂಗು ಕಟ್ಟಿ ರಾತ್ರಿಯೆಲ್ಲ ನಿದ್ದೆ ಇಲ್ಲ. ಹೇಳಿದ್ರೆ ವಾಪಸ್ ಕಳಿಸ್ತಾರೆ ಅಂತ ಎರಡು ಮಾತ್ರೆ ನುಂಗ್ಕೊಂಡು ಬಂದಿದ್ರು. ಜ್ವರ ಬಂದ್ರೂ ಒಂದು ಟ್ರಿಪ್ ತಪ್ಪಿಸಿದ ಮನುಷ್ಯ ಅಲ್ಲ ಇವರು. ಅದೇ ಚಾಳಿ!"

ಡ್ರೈವರಣ್ಣ ತಲೆ ತಗ್ಗಿಸಿದ. ಬೈಸಿಕೊಳ್ಳಲು ಸಿದ್ಧನಾಗಿಯೇ ನಿಂತ. ಮೇಡಂ ಬೈಯಲಿಲ್ಲ, ಕುರ್ಚಿ ಎಳೆದು ಕೂರಿಸಿದರು.

"ಆವತ್ತು ಕೆನ್ನೆ ಮೂಳೆಯೊಳಗಿನ ಪೊಳ್ಳಿನಲ್ಲಿ ಸಿಂಬಳ ತುಂಬಿತ್ತು. ಅದನ್ನೂ ಸೇರಿಸಿ ಲೆಕ್ಕ ಹಾಕಿಬಿಟ್ವಿ. ಈಗ ಅದು ಖಾಲಿ. ಕಿರಣ ಎಂಟು ಮಿಲಿಮೀಟರ್ ಮುಂದೆ ಹೋಗಿ ನಿಲ್ತಿತ್ತು."

"ಅಂದ್ರೆ, ಕೆಸರು ರಸ್ತೆ ಅಂತ ಜೋರಾಗಿ ಗಾಡಿ ಬಿಟ್ವಿ, ನೋಡಿದ್ರೆ ರಸ್ತೆ ನುಣ್ಣಗಿದೆ. ನಿಲ್ಲೋ ಕಡೆ ನಿಲ್ಲಲ್ಲ" ಎಂದ ಡ್ರೈವರಣ್ಣ ಮೆಲ್ಲಗೆ. "ಆ ಎಂಟು ಮಿಲಿಮೀಟರ್ ಮುಂದೆ ಏನಿದೆ ಮೇಡಂ?"

"ಕಣ್ಣಿನ ನರ. ಮೂವತ್ತು ದಿನ ಹಾಗೇ ಕೊಟ್ಟಿದ್ರೆ..." ಅವರು ಅಂಗೈಯಿಂದ ತಮ್ಮ ಬಲಗಣ್ಣು ಮುಚ್ಚಿ ತೋರಿಸಿದರು. "ಈಗ ಏನೂ ಆಗಿಲ್ಲ. ಇವತ್ತೇ ಇನ್ನೊಂದು ಸ್ಕ್ಯಾನ್ ಮಾಡಿ ಹೊಸ ಲೆಕ್ಕ ಹಾಕ್ತೀವಿ. ಗುರುವಾರದಿಂದ ಶುರು. ಸೀನು ಬಂದ್ರೂ ಹೇಳ್ಬೇಕು, ಆಯ್ತಾ?"

ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅತ್ತೇಬಿಟ್ಟಳು. ಡ್ರೈವರಣ್ಣ ಎದ್ದು ನಿಂತ. ಮುಖದ ತುಂಬ ಮುಖವಾಡದ ಬಲೆಯ ಗುರುತು ಹಾಗೇ ಇತ್ತು. ಅವನು ಎರಡೂ ಕೈ ಜೋಡಿಸಿದ್ದು ಕಂಡು ಮೇಡಂಗೆ ಸಂಕೋಚವಾಯಿತು.

"ಅಯ್ಯೋ, ಇದೇನಿದು? ಇದು ನಾವು ದಿನಾ ಮಾಡೋ ಕೆಲಸ. ಏನೂ ಆಗೇ ಇಲ್ವಲ್ಲ!"

"ಅದಕ್ಕೇ ಮೇಡಂ" ಎಂದ ಡ್ರೈವರಣ್ಣ. ಜೋಡಿಸಿದ ಕೈ ಇಳಿಸಲಿಲ್ಲ. "ಇಪ್ಪತ್ತಾರು ವರ್ಷ ಜನರನ್ನ ಸುರಕ್ಷಿತವಾಗಿ ಮನೆ ಮುಟ್ಟಿಸಿದೀನಿ. ಆಗದೇ ಹೋದ ಅಪಘಾತಕ್ಕೆ ಯಾರೂ ಕೈ ಮುಗಿಯಲ್ಲ."