ಎಳೆದು ನೋಡದ ಬೀಗ

"ನಿಜ ಹೇಳಿ, ಕುಡೀತೀರಾ?" ರಕ್ತದಲ್ಲಿ ಲಿವರ್ ಕಿಣ್ವ ಎರಡು ಪಟ್ಟಾಗಿದೆಯೆಂಬ ರಿಪೋರ್ಟು ಹಿಡಿದು ಡಾಕ್ಟರು ಕೇಳಿದಾಗ, ಬೀಗ ರಿಪೇರಿಯವನು ಹೆಂಡತಿಯ ಮುಖ ನೋಡಿದ. ಬೀಗದ ಕೆಲಸದವನಾದ ಅವನೇ ಹಾಕಿದ ಮನೆ ಬೀಗವನ್ನೂ ಮೂರು ಸಲ ಎಳೆದು ನೋಡಿಯೇ ಮೆಟ್ಟಿಲಿಳಿಯುವವಳು ಅವಳು. ಅವನ ಕಣ್ಣಲ್ಲಿದ್ದದ್ದು ಸಿಕ್ಕಿಬಿದ್ದವನ ಹೆದರಿಕೆಯಲ್ಲ, ಇವಳೂ ನಂಬದಿದ್ದರೆ ಎಂಬ ಹೆದರಿಕೆ ಎಂದು ಅವಳಿಗೆ ತಟ್ಟನೆ ಹೊಳೆಯಿತು.

"ಇವ್ರು ಕುಡಿಯಲ್ಲ ಡಾಕ್ಟ್ರೇ," ಎಂದಳು. "ಬೇರೇನೋ ಇದೆ, ಹುಡುಕಿ."

"ಹಾಗಾದ್ರೆ ಹೃದಯದ ರಕ್ತನಾಳ ನೋಡೋಣ. ಅಲ್ಲಿ ತೊಂದರೆ ಇರೋ ಕೆಲವರಲ್ಲೂ ಈ ಕಿಣ್ವ ಏರಿರುತ್ತೆ."

ಸ್ಕ್ಯಾನಿನಲ್ಲಿ ಒಂದು ನಾಳ ಕಿರಿದಾಗತೊಡಗಿದ್ದು ಕಂಡಿತು. "ಒಳ್ಳೇ ಹೊತ್ತಿಗೆ ಸಿಕ್ತು. ಸದ್ಯಕ್ಕೆ ಮಾತ್ರೆ, ನಡಿಗೆ ಸಾಕು," ಎಂದು ಡಾಕ್ಟರು ನಕ್ಕಾಗಲೇ ಅವಳಿಗೆ ಉಸಿರು ಬಂದದ್ದು.

ಮರುದಿನ ಬೆಳಿಗ್ಗೆ ಇಬ್ಬರೂ ವಾಕಿಂಗಿಗೆ ಹೊರಟರು. ಅವನು ಬೀಗ ಹಾಕಿ, ಅಭ್ಯಾಸದಂತೆ ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ನಿಂತ. ಅವಳು ಆಗಲೇ ಮೆಟ್ಟಿಲಿಳಿದಿದ್ದಳು.

"ಏ, ಬೀಗ ನೋಡಲ್ವೇನೇ?"

"ನೀವೇ ಹಾಕಿದ್ದೀರಲ್ಲ, ಬನ್ನಿ."

ಅವನು ನಾಲ್ಕು ಮೆಟ್ಟಿಲಿಳಿದ. ಯಾಕೋ ಸಮಾಧಾನವಾಗದೆ ಮತ್ತೆ ಹತ್ತಿ ಹೋಗಿ, ಬೀಗವನ್ನು ತಾನೇ ಮೂರು ಸಲ ಎಳೆದು ನೋಡಿದ.